ಮೊಬೈಲ್ ಫೋನಿನ ಬ್ಯಾಟರಿ: ರಚನೆ, ಅಪಾಯ ಮತ್ತು ಎಚ್ಚರ

ಮುಂಬಯಿಯ ಪಶ್ಚಿಮ ರೈಲ್ವೆಯ ಗ್ರಾಂಟ್ ರೋಡ್ ನಿಲ್ದಾಣದಲ್ಲಿ ಇಳಿದು ಪೂರ್ವಕ್ಕೆ ಕೆಲವು ನಿಮಿಷ ನಡೆದರೆ ಲ್ಯಾಮಿಂಗ್ಟನ್ ರೋಡ್ ಸಿಗುತ್ತದೆ. 1903ರಿಂದ 1907ರವರೆಗೆ ಮುಂಬಯಿ ಪ್ರಾಂತದ ಗವರ್ನರನಾಗಿದ್ದ ಲಾರ್ಡ್ ಲ್ಯಾಮಿಂಗ್ಟನ್ನನ ಹೆಸರು ಹೊತ್ತ ಈ ಬೀದಿಗೆ ಡಾ. ದಾದಾಸಾಹೇಬ ಭಡಕಮ್ಕರ್ ಮಾರ್ಗವೆಂಬ ಅಧಿಕೃತ ನಾಮವಿದ್ದರೂ ಜನರ ನಾಲಗೆಯಲ್ಲಿ ಉಳಿದಿರುವುದು ಹಳೆಯ ಹೆಸರೇ. ಚಿತ್ರಮಂದಿರಗಳಿಗೆ ಹೆಸರಾಗಿದ್ದ ಈ ಬೀದಿ ಇಲೆಕ್ಟ್ರಾನಿಕ್ ಸಾಮಗ್ರಿಗಳ ದೊಡ್ಡ ಪೇಟೆಯಾಗಿ ಬೆಳೆಯಿತು. ಇಲ್ಲಿ ಮೊಬೈಲಿಗೆ ಬ್ಯಾಟರಿಯನ್ನೋ ಚಾರ್ಜರನ್ನೋ ಕೇಳಿದರೆ, ಅಂಗಡಿಯವನು ಮರುಪ್ರಶ್ನೆ ಹಾಕುವುದುಂಟು: ಕಂಪನಿಯ ಮಾಲು ಬೇಕೋ, ಕಾಪಿ ಸಾಕೋ? ಬೆಲೆಯಲ್ಲಿ ಅಂತರ ದೊಡ್ಡದು. ಕಣ್ಣಿಗೆ ಕಾಣುವ ಅಂತರ ತೀರ ಚಿಕ್ಕದು. ಆ ಪ್ರಶ್ನೆಗೆ ವಿವೇಕದಿಂದ ಉತ್ತರಿಸಬೇಕಾದರೆ ಕೊಳ್ಳುವ ವಸ್ತುವಿನ ಒಳಗೇನಿದೆ ಎಂಬುದು ತಿಳಿದಿರಬೇಕು. ಅದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಭಾರತದಲ್ಲಿ ಮೊಬೈಲ್ ಫೋನಿನ ಮೊದಲ ಕರೆ 1995ರ ಜುಲೈ 31ರಂದು ನಡೆಯಿತು. ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಂ ಅವರೊಡನೆ ಮಾತನಾಡಿದರು. ಅದಕ್ಕೂ ನಾಲ್ಕು ವರ್ಷ ಮೊದಲು, 1991ರಲ್ಲಿ, ಜಪಾನಿನ ಸೋನಿ ಸಂಸ್ಥೆ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತ್ತು. ಕಡಿಮೆ ತೂಕದಲ್ಲಿ ಹೆಚ್ಚು ಶಕ್ತಿಯನ್ನು ಹಿಡಿದಿಡುವ ಈ ಬ್ಯಾಟರಿಯೇ ಫೋನನ್ನು ಅಂಗಿಯ ಜೇಬಿಗೆ ಇಳಿಸಿತು. ಇದರ ಹಿಂದಿನ ಸಂಶೋಧನೆಗಾಗಿ ಜಾನ್ ಗುಡ್‌ಎನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೋ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು.

ಬ್ಯಾಟರಿಯೊಳಗೆ ಎರಡು ತೆಳು ಹಾಳೆಗಳಿವೆ. ಒಂದರ ಮೇಲೆ ಗ್ರಾಫೈಟಿನ ಲೇಪ, ಇನ್ನೊಂದರ ಮೇಲೆ ಸಾಮಾನ್ಯವಾಗಿ ಲಿಥಿಯಂ ಮತ್ತು ಕೋಬಾಲ್ಟುಗಳ ಆಕ್ಸೈಡಿನ ಲೇಪ. ಇವೆರಡೂ ಒಂದನ್ನೊಂದು ಮುಟ್ಟದಂತೆ ನಡುವೆ ಪ್ಲಾಸ್ಟಿಕಿನ ಸೂಕ್ಷ್ಮರಂಧ್ರಗಳುಳ್ಳ ಒಂದು ತೆರೆಯಿದೆ. ಅದರ ದಪ್ಪ ತಲೆಗೂದಲಿಗಿಂತಲೂ ಕಡಿಮೆ. ಇವೆಲ್ಲವನ್ನೂ ತೋಯಿಸಿರುವ ದ್ರವದಲ್ಲಿ ಲಿಥಿಯಂ ಅಯಾನುಗಳು ಚಾರ್ಜ್ ಮಾಡುವಾಗ ಒಂದು ದಿಕ್ಕಿಗೂ ಬಳಸುವಾಗ ಮತ್ತೊಂದು ದಿಕ್ಕಿಗೂ ಸಂಚರಿಸುತ್ತವೆ. ಈ ದ್ರವ ಹೊತ್ತಿಕೊಳ್ಳುವ ಗುಣವುಳ್ಳದ್ದು ಎಂಬುದನ್ನು ನೆನಪಿನಲ್ಲಿಡಬೇಕು.

ಅಪಾಯದ ಮೂಲವಿರುವುದು ಆ ತೆರೆಯಲ್ಲಿ. ಬ್ಯಾಟರಿ ಜಜ್ಜಿಹೋದರೆ, ಚೂಪಾದ ವಸ್ತು ಚುಚ್ಚಿದರೆ, ತಯಾರಿಕೆಯಲ್ಲಿ ಲೋಹದ ಕಣವೊಂದು ಉಳಿದುಬಿಟ್ಟರೆ ಅಥವಾ ಮಿತಿಮೀರಿ ಚಾರ್ಜ್ ಆದರೆ, ತೆರೆ ಹರಿದು ಎರಡು ಬದಿಗಳು ಕೂಡಿಕೊಳ್ಳಬಹುದು. ಆಗ ಹುಟ್ಟುವ ಶಾಖ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಆ ಕ್ರಿಯೆ ಮತ್ತಷ್ಟು ಶಾಖವನ್ನು ಹುಟ್ಟಿಸುತ್ತದೆ. ಸುಮಾರು 130 ಡಿಗ್ರಿ ಸೆಲ್ಸಿಯಸ್ಸಿಗೆ ಪಾಲಿಎಥಿಲೀನಿನ ತೆರೆಯೇ ಕರಗುತ್ತದೆ. ಅಲ್ಲಿಂದ ಮುಂದೆ ಸ್ವಿಚ್ಚು ಆರಿಸಿದರೂ ಅದು ನಿಲ್ಲುವುದಿಲ್ಲ. ಆದುದರಿಂದ ಬಳಕೆಯ ಎಚ್ಚರವೆಲ್ಲ ಈ ಮೊದಲ ಹೆಜ್ಜೆಯನ್ನು ತಡೆಯುವುದರಲ್ಲೇ ಇದೆ.

ದೊಡ್ಡ ಕಂಪನಿಗಳ ಮಾಲಿನಲ್ಲಿಯೂ ಇಂಥ ದೋಷ ನುಸುಳಬಹುದು. 2007ರ ಆಗಸ್ಟ್ 14ರಂದು ನೋಕಿಯಾ ಸಂಸ್ಥೆ ತನ್ನ ಬಿಎಲ್-5ಸಿ ಬ್ಯಾಟರಿಗಳ ಬಗೆಗೆ ಎಚ್ಚರಿಕೆಯನ್ನು ಪ್ರಕಟಿಸಿತು. 2005ರ ಡಿಸೆಂಬರಿನಿಂದ 2006ರ ನವೆಂಬರಿನವರೆಗೆ ಜಪಾನಿನ ಮತ್ಸುಶಿಟಾ ಕಂಪನಿ ತಯಾರಿಸಿಕೊಟ್ಟ 4 ಕೋಟಿ 60 ಲಕ್ಷ ಬ್ಯಾಟರಿಗಳು ಚಾರ್ಜ್ ಆಗುವಾಗ ಅತಿಯಾಗಿ ಬಿಸಿಯಾಗುವ ಸಂಭವವಿತ್ತು. ಜಗತ್ತಿನಾದ್ಯಂತ ವರದಿಯಾದ ಪ್ರಸಂಗಗಳು ಸುಮಾರು ನೂರು. ತೀವ್ರವಾದ ಗಾಯ ಯಾರಿಗೂ ಆಗಿರಲಿಲ್ಲ. ಆದರೂ ಭಾರತದ ಊರೂರುಗಳಲ್ಲಿ ಜನ ಗಾಬರಿಗೊಂಡು ಸೇವಾಕೇಂದ್ರಗಳ ಮುಂದೆ ಸಾಲುಗಟ್ಟಿದರು. ಅದೇ ಹೆಸರಿನ ಎಲ್ಲ ಬ್ಯಾಟರಿಗಳೂ ದೋಷಯುಕ್ತವಾಗಿರಲಿಲ್ಲ. ಯಾವುದು ದೋಷದ್ದು ಎಂಬುದು ಬ್ಯಾಟರಿಯ ಮೇಲೆ ಮುದ್ರಿತವಾದ ಗುರುತುಸಂಖ್ಯೆಯಿಂದ ಗೊತ್ತಾಗುತ್ತಿತ್ತು. ಅದನ್ನು ಓದಿ ತಾಳೆ ನೋಡಿದವರು ಆತಂಕದಿಂದ ಪಾರಾದರು.

ಗ್ರಂಥಸಂಪಾದನೆಯನ್ನು ಅಭ್ಯಾಸಮಾಡುವವರಿಗೆ ಇದು ಹೊಸ ಮಾತಲ್ಲ. ಶುದ್ಧಪಾಠವಾವುದು, ಪ್ರಕ್ಷಿಪ್ತವಾವುದು ಎಂದು ನಿರ್ಣಯಿಸಲು ಅಂದವಾದ ಅಕ್ಷರವನ್ನಷ್ಟೇ ನಂಬದೆ ಬೇರೆ ಆಧಾರಗಳೊಡನೆ ಹೋಲಿಸಿ ನೋಡುತ್ತೇವೆ. ಬ್ಯಾಟರಿಯ ಚೀಟಿಯನ್ನೂ ಹಾಗೆಯೇ ಓದಬೇಕು. ನಮ್ಮಲ್ಲಿ ಇಲೆಕ್ಟ್ರಾನಿಕ್ ಸಾಮಗ್ರಿಗಳ ಕಡ್ಡಾಯ ನೋಂದಣಿ 2012ರ ಸರಕಾರಿ ಆದೇಶದಿಂದ ಮೊದಲಾಯಿತು. ಮುಂದಿನ ವಿಸ್ತರಣೆಗಳಿಂದ ಮೊಬೈಲ್, ಬ್ಯಾಟರಿ, ಪವರ್ ಬ್ಯಾಂಕುಗಳೂ ಅದರ ವ್ಯಾಪ್ತಿಗೆ ಬಂದವು. ನೋಂದಾಯಿತ ಬ್ಯಾಟರಿಯ ಮೇಲೆ ಭಾರತೀಯ ಮಾನಕ ಬ್ಯೂರೋದ ಚಿಹ್ನೆ, ಐಎಸ್ 16046 ಎಂಬ ಮಾನಕಸಂಖ್ಯೆ ಹಾಗೂ ‘ಆರ್’ ಅಕ್ಷರದಿಂದ ಮೊದಲಾಗುವ ನೋಂದಣಿಸಂಖ್ಯೆ ಇರುತ್ತವೆ. ಚಿಹ್ನೆಯನ್ನು ಯಾರಾದರೂ ಅಚ್ಚುಹಾಕಬಹುದು. ಆದರೆ ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಸಂಖ್ಯೆಯನ್ನು ಕೊಟ್ಟರೆ ಅದು ಯಾವ ತಯಾರಕನದು, ಯಾವ ವಸ್ತುವಿನದು ಎಂಬುದು ತಿಳಿಯುತ್ತದೆ. ಅಂಗಡಿಯಲ್ಲಿ ನಿಂತು ಎರಡು ನಿಮಿಷ ವ್ಯಯಿಸಿದರೆ ಈ ಪರಿಶೀಲನೆ ಮುಗಿಯುತ್ತದೆ.

ಬ್ಯಾಟರಿಗಿಂತಲೂ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾಗಿರುವುದು ಚಾರ್ಜರು. ಗೋಡೆಯ 230 ವೋಲ್ಟಿನ ವಿದ್ಯುತ್ತನ್ನು ಐದೋ ಒಂಬತ್ತೋ ವೋಲ್ಟಿಗೆ ಇಳಿಸುವುದು, ಗೋಡೆಯ ವಿದ್ಯುತ್ತು ಫೋನಿನತ್ತ ಹಾಯದಂತೆ ಎರಡನ್ನೂ ಬೇರ್ಪಡಿಸಿಡುವುದು, ಇವೆರಡೂ ಅದರ ಕೆಲಸ. ಕಳಪೆ ಚಾರ್ಜರಿನಲ್ಲಿ ಈ ಬೇರ್ಪಡೆ ದುರ್ಬಲವಾಗಿರುತ್ತದೆ. ಅದು ಮುರಿದುಬಿದ್ದರೆ ಗೋಡೆಯ ವಿದ್ಯುತ್ತೇ ಕೈಯಲ್ಲಿರುವ ಫೋನಿಗೆ ಹರಿಯಬಹುದು. ಒದ್ದೆ ಕೈಯಿಂದ ಚಾರ್ಜರನ್ನು ಮುಟ್ಟಬಾರದು, ಚಾರ್ಜಿಗೆ ಹಾಕಿದ ಫೋನನ್ನು ಕಿವಿಗೊತ್ತಿ ಮಾತನಾಡಬಾರದು ಎಂಬ ಎಚ್ಚರಿಕೆಗೆ ಇದೇ ಕಾರಣ.

ಈ ನಗರದ ಜೀವನಕ್ರಮಕ್ಕೆ ಅನ್ವಯಿಸುವ ಕೆಲವು ಸಂಗತಿಗಳಿವೆ. ಹೋಟೆಲು ಕೆಲಸಗಾರರು, ವಿದ್ಯಾರ್ಥಿಗಳು ಒಟ್ಟಾಗಿ ವಾಸಿಸುವ ಕೋಣೆಗಳಲ್ಲಿ ಒಂದೇ ಬೋರ್ಡಿಗೆ ಹಲವು ಚಾರ್ಜರುಗಳನ್ನು ಸಿಕ್ಕಿಸಿ, ಫೋನುಗಳನ್ನು ದಿಂಬಿನ ಕೆಳಗಿಟ್ಟು ಮಲಗುವ ರೂಢಿಯಿದೆ. ಹಾಸಿಗೆಬಟ್ಟೆ ಶಾಖವನ್ನು ಹೊರಬಿಡುವುದಿಲ್ಲ. ಚಾರ್ಜ್ ಆಗುವ ಫೋನು ಗಟ್ಟಿಯಾದ, ತೆರೆದ ಜಾಗದಲ್ಲಿರಬೇಕು. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಪ್ಯಾಂಟಿನ ಹಿಂಜೇಬಿನ ಫೋನಿನ ಮೇಲೆ ದೇಹದ ಭಾರ ಬೀಳುತ್ತದೆ. ಅದನ್ನು ಮುಂದೆ ಇಟ್ಟುಕೊಳ್ಳುವುದು ಕಳ್ಳರಿಂದಲೂ ರಕ್ಷಣೆ, ಒತ್ತಡದಿಂದಲೂ ರಕ್ಷಣೆ. ಮಳೆಗಾಲದಲ್ಲಿ ನೆನೆದ ಫೋನನ್ನು ಪೂರ್ಣವಾಗಿ ಒಣಗುವತನಕ ಚಾರ್ಜಿಗೆ ಹಾಕಬಾರದು. ಬ್ಯಾಟರಿಯನ್ನು ಪೂರ್ತಿ ಬರಿದುಮಾಡಿದ ಮೇಲೆಯೇ ತುಂಬಬೇಕೆಂಬ ನಂಬಿಕೆ ಹಳೆಯ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ಲಿಥಿಯಂ ಬ್ಯಾಟರಿಗೆ ಅದು ಅನವಶ್ಯಕ ಮಾತ್ರವಲ್ಲ, ಅದರ ಆಯುಷ್ಯಕ್ಕೆ ಹಾನಿಕರ ಕೂಡ.

ಫೋನಿನ ಬೆನ್ನು ಉಬ್ಬಿದ್ದರೆ, ಪರದೆ ಅಂಚಿನಲ್ಲಿ ಮೇಲೆದ್ದಿದ್ದರೆ, ಒಳಗೆ ಅನಿಲ ತುಂಬಿದೆಯೆಂದು ತಿಳಿಯಬೇಕು. ಅದನ್ನು ಒತ್ತಿ ಕೂರಿಸುವುದಾಗಲಿ ಸೂಜಿಯಿಂದ ಚುಚ್ಚುವುದಾಗಲಿ ಕೂಡದು. ಬಳಕೆಯನ್ನು ನಿಲ್ಲಿಸಿ ನುರಿತ ದುರಸ್ತಿಯವರಲ್ಲಿಗೆ ಒಯ್ಯಬೇಕು. ಹೊಗೆಯೆದ್ದರೆ, ಕೈಗೆಟಕುವಂತಿದ್ದಲ್ಲಿ, ಮೊದಲು ಗೋಡೆಯ ಸ್ವಿಚ್ಚನ್ನು ಆರಿಸಬೇಕು. ವಿದ್ಯುತ್ತು ಕಡಿದ ಮೇಲೆ ನೀರನ್ನು ಧಾರಾಳವಾಗಿ ಸುರಿದು ತಂಪುಮಾಡಬಹುದು. ಆ ಹೊಗೆ ವಿಷಯುಕ್ತವಾದುದರಿಂದ ಅಲ್ಲಿ ನಿಲ್ಲದೆ ಹೊರಗೆ ಬಂದು 101ಕ್ಕೆ ಕರೆಮಾಡಬೇಕು. ಹಳೆಯ ಬ್ಯಾಟರಿ ಕಸದ ಬುಟ್ಟಿಗೆ ಸೇರಿದರೆ, ಕಸವನ್ನು ಅದುಮುವ ಲಾರಿಯಲ್ಲಿ ಅದೇ ಬೆಂಕಿಗೆ ಮೂಲವಾದೀತು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ.

ಈ ವಿವರಗಳಲ್ಲಿ ಗಹನವಾದುದು ಏನೂ ಇಲ್ಲ. ಆದರೆ ಫೋನಿನ ಪೆಟ್ಟಿಗೆಯಲ್ಲಿ ಬರುವ ಎಚ್ಚರಿಕೆಯ ಹಾಳೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಅದೂ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ದಿಂಬಿನ ಕೆಳಗೆ ಫೋನಿಟ್ಟು ಮಲಗುವ ಕಾರ್ಮಿಕನಿಗೆ ಆ ಹಾಳೆ ಇದ್ದೂ ಇಲ್ಲದಂತೆ. ಶಿವರಾಮ ಕಾರಂತರು ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳನ್ನು ಏಕಾಂಗಿಯಾಗಿ ಸಿದ್ಧಪಡಿಸಿದ ಭಾಷೆ ನಮ್ಮದು. ನಮ್ಮ ವಿದ್ಯಾರ್ಥಿಗಳು ತಾವು ವಾಸಿಸುವ ಕೋಣೆಯ ಗೋಡೆಗೆ, ಪರಿಚಯದ ಹೋಟೆಲಿನ ಚಾರ್ಜಿಂಗ್ ಬೋರ್ಡಿನ ಪಕ್ಕಕ್ಕೆ, ಹತ್ತು ಸಾಲಿನ ಸ್ಪಷ್ಟವಾದ ಕನ್ನಡ ಸೂಚನೆಯೊಂದನ್ನು ಬರೆದು ಅಂಟಿಸಿದರೆ, ಅದು ಕನ್ನಡದ ಕೆಲಸವೂ ಆಗುತ್ತದೆ, ಜೀವ ಉಳಿಸುವ ಕೆಲಸವೂ ಆಗುತ್ತದೆ.