ಪಹಣಿ ತಡವಾದರೆ ಎಲ್ಲಕ್ಕೂ ಸರ್ವರೇ ಹೊಣೆಯೇ?

ಸಿಂದಗಿ: ತಾಲ್ಲೂಕಿನ ಯಂಕಂಚಿಯ ರೈತನಿಗೆ ಬ್ಯಾಂಕ್ ಸಾಲಕ್ಕೂ ಜಮೀನಿನ ವ್ಯವಹಾರಕ್ಕೂ ಪಹಣಿ ಬೇಕು. ಕಂದಾಯ ಇಲಾಖೆಯ 'ಭೂಮಿ' ಯೋಜನೆಯು 2001ರ ಸುಮಾರಿಗೆ ರಾಜ್ಯದ 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿತು. ಇಂತಹ ಬೃಹತ್ ದತ್ತಸಂಚಯದಿಂದ ದಾಖಲೆ ಬರುವುದು ತಡವಾದರೆ 'ಸರ್ವರ್ ನಿಧಾನ' ಎನ್ನುವುದು ವಾಡಿಕೆ. ಆದರೆ ದತ್ತಸಂಚಯದ ಸರ್ವರ್‌ಗಳಲ್ಲಿ ಪ್ರೊಸೆಸರ್ ಸುಮ್ಮನಿದ್ದು, ಡಿಸ್ಕಿಗಾಗಿ ಕಾಯುವುದೇ ಹೆಚ್ಚು.

ನಿಮಿಷಕ್ಕೆ 7,200 ಬಾರಿ ತಿರುಗುವ ಡಿಸ್ಕಿನ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಹಿಡಿಯುತ್ತದೆ. ದಾಖಲೆಯಿರುವ ಜಾಗಕ್ಕೆ ಹೆಡ್ ಸರಿಯಲು ಎಂಟೊಂಬತ್ತು ಮಿಲಿಸೆಕೆಂಡ್, ಆ ಜಾಗ ಹೆಡ್‌ನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು. ಹೀಗಾಗಿ ಚದುರಿದ ದಾಖಲೆಗಳಾದರೆ ಸೆಕೆಂಡಿಗೆ ಎಂಬತ್ತರಷ್ಟನ್ನು ಮಾತ್ರ ಓದಲು ಸಾಧ್ಯ.

ಪರಿಹಾರಗಳೂ ಇವೆ. ಪದೇ ಪದೇ ಬೇಕಾಗುವ ಮಾಹಿತಿ ಮುಖ್ಯ ಸ್ಮೃತಿಯಲ್ಲಿ ಉಳಿದರೆ ಡಿಸ್ಕಿನವರೆಗೆ ಹೋಗಬೇಕಿಲ್ಲ. ಬದಲಾವಣೆಗಳನ್ನು ದಾಖಲಿಸುವ ಲಾಗ್ ಕಡತವನ್ನು ಬೇರೆ ಡಿಸ್ಕಿನಲ್ಲಿಟ್ಟರೆ ಹೆಡ್‌ನ ಓಡಾಟ ತಗ್ಗುತ್ತದೆ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಸೆಕೆಂಡಿಗೆ ಸಾವಿರಾರು ದಾಖಲೆಗಳನ್ನು ಓದಬಲ್ಲದು.

ಆದರೂ ಸರ್ವೆ ನಂಬರಿಗೆ ಸೂಚಿಯೇ ಇಲ್ಲದಿದ್ದರೆ ಒಂದು ಪಹಣಿಗಾಗಿ ಇಡೀ ಕೋಷ್ಟಕವನ್ನು ಜಾಲಾಡಬೇಕಾಗುತ್ತದೆ. ಹೊಸ ಯಂತ್ರ ಕೊಳ್ಳುವ ಮುನ್ನ ಸೂಚಿ ಸರಿಯಿದೆಯೇ ಎಂದು ಪರೀಕ್ಷಿಸುವುದು ಖರ್ಚಿಲ್ಲದ ಮೊದಲ ಹೆಜ್ಜೆ.