ಕರುಳಿನ ಕ್ಯಾನ್ಸರ್: ಗಡ್ಡೆಯೇ ನುಡಿಯುವ ಭವಿಷ್ಯ

ದೊಡ್ಡ ಕರುಳಿನ ಕ್ಯಾನ್ಸರ್ ಎಷ್ಟು ಹರಡಿದೆಯೆಂಬುದನ್ನು ನೋಡಿ ರೋಗಿಯ ಭವಿಷ್ಯವನ್ನು ಹೇಳುವುದು ವೈದ್ಯರ ರೂಢಿ. ಆದರೆ ಒಂದೇ ಹಂತದ ಇಬ್ಬರಲ್ಲಿ ಒಬ್ಬನು ಗುಣಮುಖನಾಗುವನು. ಇನ್ನೊಬ್ಬನಿಗೆ ರೋಗವು ಮರುಕಳಿಸುವುದು. ಇದೇಕೆ?

2006ರಲ್ಲಿ ಪ್ಯಾರಿಸಿನ ಜೆರೋಮ್ ಗಾಲೋನ್ ಮತ್ತು ಸಂಗಡಿಗರು ಇದಕ್ಕೊಂದು ಉತ್ತರವಿತ್ತರು. ಗಡ್ಡೆಯ ಒಳಗೂ ಅಂಚಿನಲ್ಲಿಯೂ ‘ಟಿ’ ಕಣಗಳೆಂಬ ಬಿಳಿಯ ರಕ್ತಕಣಗಳು ದಟ್ಟವಾಗಿ ನೆರೆದಿದ್ದರೆ ಮರುಕಳಿಸುವ ಭಯ ಕಡಿಮೆ. 2018ರಲ್ಲಿ 2681 ರೋಗಿಗಳ ಅಧ್ಯಯನವೂ ಇದನ್ನೇ ಸಮರ್ಥಿಸಿತು.

ಇದರಲ್ಲಿ ಜೀನುಗಳ ಪಾತ್ರವೂ ಉಂಟು. ಗುಮಾಸ್ತನು ಲೆಕ್ಕದ ತಪ್ಪನ್ನು ತಿದ್ದುವಂತೆ, ಡಿಎನ್‌ಎ ನಕಲಿನ ತಪ್ಪನ್ನು ತಿದ್ದುವ ಜೀನುಗಳು ನಮ್ಮಲ್ಲಿವೆ. ಗಡ್ಡೆಯಲ್ಲಿ ಅವು ಕೆಟ್ಟರೆ ತಪ್ಪುಗಳು ರಾಶಿಬೀಳುತ್ತವೆ. ಆಗ ಗಡ್ಡೆಯು ದೇಹಕ್ಕೆ ಪರಕೀಯವೆಂದು ತೋರಿ, ರಕ್ಷಕ ಕಣಗಳು ಅದನ್ನು ಮುತ್ತುತ್ತವೆ. ಕರುಳಿನ ಕ್ಯಾನ್ಸರಿನಲ್ಲಿ ಇಂತಹವು ನೂರಕ್ಕೆ ಸುಮಾರು 15. ನ್ಯೂಯಾರ್ಕಿನ ವೈದ್ಯರು ಗುದನಾಳದಲ್ಲಿ ಇಂತಹ ಗಡ್ಡೆಯಿದ್ದ 12 ಮಂದಿಗೆ, ರಕ್ಷಕ ಕಣಗಳ ತಡೆಯನ್ನು ನೀಗಿಸುವ ಡೋಸ್ಟಾರ್ಲಿಮ್ಯಾಬ್ ಔಷಧವನ್ನು ಕೊಟ್ಟರು. ಶಸ್ತ್ರಕ್ರಿಯೆಯಿಲ್ಲದೆಯೇ ಎಲ್ಲರಲ್ಲಿಯೂ ಗಡ್ಡೆ ಮಾಯವಾಯಿತೆಂದು 2022ರಲ್ಲಿ ವರದಿಯಾಯಿತು.

ಆದುದರಿಂದ ರೋಗಿಯ ಕಡೆಯವರು ಈ ಜೀನುಗಳ ಪರೀಕ್ಷೆಯಾಗಿದೆಯೇ ಎಂದು ವೈದ್ಯರನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ಮಲದಲ್ಲಿ ರಕ್ತ ಕಂಡಾಗ ಮೂಲವ್ಯಾಧಿಯೆಂದು ತಾವೇ ನಿರ್ಧರಿಸಿ, ರಜೆ ಸಿಗದೆಂದು ಸುಮ್ಮನಿರುವುದಂತೂ ಸರ್ವಥಾ ತರವಲ್ಲ.