ಬಿಸಿಲಿಗೆ ಹಿಗ್ಗುವ ಸಾಮಗ್ರಿಗಳು: ಕಾಮಗಾರಿಗಳಲ್ಲಿ ಜಾಯಿಂಟ್ ಏಕೆ ಅಗತ್ಯ?

ಭಟ್ಕಳ, ಹೊನ್ನಾವರ ಹಾಗೂ ಕುಮಟಾ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳು ಕೈಗೊಳ್ಳುವ ಸಿ.ಸಿ. ರಸ್ತೆ, ಕಟ್ಟಡ ಹಾಗೂ ಕುಡಿಯುವ ನೀರಿನ ಕಾಮಗಾರಿಗಳಲ್ಲಿ ಬಿರುಕು, ಸೋರಿಕೆ ಉಂಟಾಗಲು ಕಳಪೆ ಸಾಮಗ್ರಿಯೊಂದೇ ಕಾರಣವಲ್ಲ. ಕಾದಾಗ ಹಿಗ್ಗುವುದು, ತಣಿದಾಗ ಕುಗ್ಗುವುದು ನಿರ್ಮಾಣ ಸಾಮಗ್ರಿಗಳ ಸಹಜ ಗುಣ. ಅದಕ್ಕೆ ಎಡೆ ಇಲ್ಲದಿದ್ದಲ್ಲಿ ಉತ್ತಮ ಸಾಮಗ್ರಿಯೂ ಬಿರಿಯುತ್ತದೆ.

ಈ ಪ್ರಮಾಣ ಸಾಮಗ್ರಿಯಿಂದ ಸಾಮಗ್ರಿಗೆ ಬೇರೆ. ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಏರಿದರೆ, ತಡೆಯಿಲ್ಲದ 100 ಮೀಟರ್ ಉದ್ದದ ಕಾಂಕ್ರೀಟು ಸುಮಾರು 30 ಮಿ.ಮೀ., ಉಕ್ಕು 36 ಮಿ.ಮೀ., ಅಲ್ಯೂಮಿನಿಯಂ 69 ಮಿ.ಮೀ., ಪಿವಿಸಿ ಪೈಪು 200 ಮಿ.ಮೀ. ಹಾಗೂ ಎಚ್‌ಡಿಪಿಇ ಪೈಪು ಅರ್ಧ ಮೀಟರಿನಷ್ಟು ಹಿಗ್ಗುತ್ತವೆ. ಕಾಂಕ್ರೀಟು ಮತ್ತು ಉಕ್ಕು ಬಹುತೇಕ ಸಮನಾಗಿ ಹಿಗ್ಗುವುದರಿಂದಲೇ ಆರ್.ಸಿ.ಸಿ.ಯಲ್ಲಿ ಅವೆರಡೂ ಒಂದಾಗಿ ಬಾಳುತ್ತವೆ. ಕರಾವಳಿಯಲ್ಲಿ ಗಾಳಿಯ ಉಷ್ಣತೆ ಹೆಚ್ಚು ಏರಿಳಿಯದಿದ್ದರೂ, ಬಿಸಿಲಿಗೆ ತೆರೆದ ತಾರಸಿ ಹಾಗೂ ಕಪ್ಪು ಪೈಪುಗಳು ಗಾಳಿಗಿಂತ ಬಹಳ ಹೆಚ್ಚು ಕಾಯುತ್ತವೆ. ಮಳೆ ಬಿದ್ದೊಡನೆ ತಣಿಯುತ್ತವೆ.

ಹೊನ್ನಾವರದಲ್ಲಿ ಶರಾವತಿ ನದಿಗೆ ಕಟ್ಟಿರುವ ಕೊಂಕಣ ರೈಲ್ವೆ ಸೇತುವೆಯ ಉದ್ದ 2 ಕಿ.ಮೀ.ಗೂ ಹೆಚ್ಚು. ಅಷ್ಟುದ್ದದ ಕಾಂಕ್ರೀಟು ಅಖಂಡವಾಗಿದ್ದರೆ, ಕೇವಲ 10 ಡಿಗ್ರಿ ಏರಿಕೆಗೆ 20 ಸೆಂ.ಮೀ. ಹಿಗ್ಗುತ್ತಿತ್ತು. ಆದ್ದರಿಂದಲೇ ಉದ್ದನೆಯ ಸೇತುವೆಗಳನ್ನು ಅಂಕಣಗಳಾಗಿ ವಿಭಾಗಿಸಿ, ನಡುವೆ ಸಂದು ಬಿಡಲಾಗುತ್ತದೆ.

ಪಂಚಾಯಿತಿ ಕಾಮಗಾರಿಗಳಿಗೂ ಇದೇ ತತ್ತ್ವ ಅನ್ವಯಿಸುತ್ತದೆ.

1. ಸಿ.ಸಿ. ರಸ್ತೆ: ಹೆಚ್ಚೆಂದರೆ ಸುಮಾರು 4 ಮೀಟರಿಗೊಂದು ಅಡ್ಡ ಜಾಯಿಂಟ್ ಇರಬೇಕು. ಕಾಂಕ್ರೀಟು ತಾನಾಗಿ ಬಿರಿಯುವ ಮುನ್ನವೇ ಅದನ್ನು ಕತ್ತರಿಸಿ, ನೀರು ಇಳಿಯದಂತೆ ಸೀಲಂಟ್ ತುಂಬಬೇಕು.

2. ಕಟ್ಟಡ: ಬಿಸಿಲಿಗೆ ಹಿಗ್ಗುವ ತಾರಸಿಯು ಚಿರೆಕಲ್ಲಿನ ಗೋಡೆಯನ್ನು ತಳ್ಳುವುದರಿಂದ, ಸ್ಲ್ಯಾಬಿನ ಕೆಳಗೆ ಅಡ್ಡ ಬಿರುಕು ಮೂಡುತ್ತದೆ. ತಾರಸಿಯ ಮೇಲೆ ಶೀಟಿನ ಮಾಡು ಹಾಕಿದರೆ ಮಳೆಯಿಂದಷ್ಟೇ ಅಲ್ಲ, ಈ ಒತ್ತಡದಿಂದಲೂ ರಕ್ಷಣೆ ದೊರೆಯುತ್ತದೆ. 45 ಮೀಟರಿಗಿಂತ ಉದ್ದದ ಕಟ್ಟಡಗಳಿಗೆ ಸಾಮಾನ್ಯವಾಗಿ ವಿಸ್ತರಣಾ ಜಾಯಿಂಟ್ ಒದಗಿಸಬೇಕಾಗುತ್ತದೆ.

3. ಪೈಪ್‌ಲೈನ್: ಎಚ್‌ಡಿಪಿಇ ಪೈಪನ್ನು ಬಿಗಿಯಾಗಿ ಎಳೆಯದೆ, ಕಂದಕದಲ್ಲಿ ತುಸು ಬಳುಕಿಸಿ ಹಾಕಬೇಕು. ಬಿಸಿಲೇರುವ ಮುನ್ನ, ಪೈಪು ತಣ್ಣಗಿರುವಾಗ ಮಣ್ಣು ಮುಚ್ಚುವುದು ಉತ್ತಮ. ನಡುಹಗಲಿನಲ್ಲಿ ಬಿಗಿಯಾಗಿ ಜೋಡಿಸಿದ ಪೈಪು ರಾತ್ರಿ ಕುಗ್ಗಿದಾಗ ಜೋಡಣೆಯ ಬಳಿ ಎಳೆತ ಉಂಟಾಗುತ್ತದೆ.

ಬಿರುಕಿನೊಳಗೆ ಮಳೆನೀರು ಹಾಗೂ ಕಡಲ ಗಾಳಿಯ ಉಪ್ಪಿನಂಶ ಸೇರಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಆಗ ದುರಸ್ತಿಯ ಹೊರೆ ಬೀಳುವುದು ಪಂಚಾಯಿತಿಯ ಮೇಲೆಯೇ. ಆದಕಾರಣ ಸದಸ್ಯರು ಅಂದಾಜು ಪಟ್ಟಿಗೆ ಒಪ್ಪಿಗೆ ನೀಡುವಾಗಲೂ, ಅಂತಿಮ ಬಿಲ್ಲಿಗೆ ಮುನ್ನ ಸ್ಥಳ ಪರಿಶೀಲಿಸುವಾಗಲೂ, ಜಾಯಿಂಟ್ ಎಲ್ಲೆಲ್ಲಿದೆ ಎಂಬುದನ್ನು ಎಂಜಿನಿಯರರಿಂದ ಕೇಳಿ ಖಚಿತಪಡಿಸಿಕೊಳ್ಳುವುದು ಸೂಕ್ತ.